ಕೀವು ಕಟ್ಟಿದ ಹಲ್ಲು ಮತ್ತು ಲಿಗ್ನೊಕೇನ್: ನನ್ನ ಅನುಭವ

ಕೆಳದವಡೆಯ ಹಲ್ಲಿನ ಬುಡದಲ್ಲಿ ಕೀವು ಕಟ್ಟಿಕೊಂಡು ಬರುವವರಿಗೆ ನಾನು ಊತದ ಮೇಲೆ ಸೂಜಿ ಹಾಕುವುದಿಲ್ಲ. ಸೋಂಕು ಹರಡೀತೆಂಬ ಭಯ ಒಂದು ಕಾರಣ. ಜೋಮು ಹಿಡಿಸುವ ಔಷಧವಾದ ಲಿಗ್ನೊಕೇನ್ ಅಲ್ಲಿ ಸರಿಯಾಗಿ ಹತ್ತುವುದಿಲ್ಲ ಎಂಬುದು ಇನ್ನೊಂದು.

ಲಿಗ್ನೊಕೇನಿನ ಅಣುಗಳಲ್ಲಿ ಕೆಲವು ಪ್ರೋಟಾನ್ ಹೊತ್ತು ಧನ ಆವೇಶ ಪಡೆದಿರುತ್ತವೆ, ಉಳಿದವಕ್ಕೆ ಆವೇಶವಿರುವುದಿಲ್ಲ. ನರತಂತುವಿನ ಪೊರೆ ಕೊಬ್ಬಿನಿಂದಾದದ್ದು. ಅದನ್ನು ಸಲೀಸಾಗಿ ದಾಟುವುದು ಆವೇಶವಿಲ್ಲದ ಅಣು ಮಾತ್ರ. ಪಿಎಚ್ ಎಂಬ ಅಳತೆ ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು. ಔಷಧದ ಪಿಕೆಎ (ಎರಡೂ ಬಗೆಯ ಅಣುಗಳು ಸಮಸಮವಾಗಿರುವ ಪಿಎಚ್) ಸುಮಾರು 7.9 ಇರುವುದರಿಂದ, ಪಿಎಚ್ 7.4 ಇರುವ ಆರೋಗ್ಯವಂತ ಅಂಗಾಂಶದಲ್ಲಿ ಅಂಥ ಅಣುಗಳ ಪಾಲು ಕಾಲುಭಾಗದಷ್ಟಿರುತ್ತದೆ. ಕೀವಿನ ಸುತ್ತ ಪಿಎಚ್ 6.5ಕ್ಕೆ ಇಳಿದರೆ ಅದು ನೂರಕ್ಕೆ ನಾಲ್ಕರ ಆಸುಪಾಸಿಗೆ ಕುಸಿಯುತ್ತದೆ. ವಿಚಿತ್ರವೆಂದರೆ, ಒಳಗೆ ಹೋದ ಮೇಲೆ ಕೆಲಸ ಮಾಡುವುದು ಹೆಚ್ಚಾಗಿ ಆವೇಶವುಳ್ಳ ರೂಪವೇ. ಅದು ಪೊರೆಯಲ್ಲಿ ಸೋಡಿಯಂ ಒಳಬರುವ ದಾರಿಯಾದ ಸೋಡಿಯಂ ಕಾಲುವೆಯ ರಂಧ್ರವನ್ನು ಕೋಶದ ಒಳಬದಿಯಿಂದ ಹೊಕ್ಕು ಅಂಟಿಕೊಳ್ಳುತ್ತದೆ, ಸೋಡಿಯಂ ಅಯಾನುಗಳು ಒಳನುಗ್ಗಲಾಗದೆ ನೋವಿನ ಸಂಕೇತ ಅಲ್ಲಿಗೇ ನಿಲ್ಲುತ್ತದೆ. ಸದಾ ಆವೇಶ ಹೊತ್ತೇ ಇರುವ ಕ್ಯೂಎಕ್ಸ್-314 ಎಂಬ ಲಿಗ್ನೊಕೇನಿನ ಸಂಬಂಧಿ ನರತಂತುವಿನ ಹೊರಗಿದ್ದರೆ ಬಹುಮಟ್ಟಿಗೆ ನಿಷ್ಫಲ, ಒಳಗೆ ಸೇರಿಸಿದರೆ ಸಮರ್ಥ. ಈ ಮಾತಿಗೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಬೇಕಿಲ್ಲ.

ಹೀಗಾಗಿ ನಾನು ದವಡೆಯ ಏರುಮೂಳೆಯ ಒಳಬದಿಯಲ್ಲಿ, ನರವು ಮೂಳೆಯನ್ನು ಹೊಗುವ ಜಾಗದ ಬಳಿ, ಕೀವಿನಿಂದ ದೂರದಲ್ಲಿ ಬ್ಲಾಕ್ (ನರವನ್ನೇ ಜೋಮು ಹಿಡಿಸುವ ಚುಚ್ಚುಮದ್ದು) ಕೊಡುತ್ತೇನೆ. ಲಿಗ್ನೊಕೇನಿನ ಜೊತೆ ಬೆರೆತಿರುವ, ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಕೆಡದಿರಲೆಂದು ಆಮ್ಲೀಯವಾಗಿಯೇ ತಯಾರಾಗುವ ಆ ದ್ರಾವಣ ಚುಚ್ಚುವಾಗ ಉರಿಯುತ್ತದೆ. 10 ಮಿಲಿಗೆ 8.4 ಶೇಕಡಾ ಸೋಡಿಯಂ ಬೈಕಾರ್ಬೊನೇಟ್ 1 ಮಿಲಿ ಬೆರೆಸಿ ಆಗಲೇ ಬಳಸಿದರೆ ಉರಿ ತಗ್ಗುತ್ತದೆ. ಬೆರೆಸಿದ್ದನ್ನು ಎತ್ತಿಡುವುದಿಲ್ಲ.

ಆದರೂ ಪಿಎಚ್ ಲೆಕ್ಕವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ತುಟಿ ಪೂರ್ತಿ ಜೋಮು ಹಿಡಿದ ಮೇಲೂ ಉರಿಯೂತವಿರುವ ಹಲ್ಲಿನ ತಿರುಳನ್ನು ಮುಟ್ಟಿದರೆ ರೋಗಿ ಬೆಚ್ಚಿಬೀಳುವುದುಂಟು; ಔಷಧ ಬಿದ್ದದ್ದು ಆರೋಗ್ಯವಂತ ಜಾಗದಲ್ಲೇ ಅಲ್ಲವೇ? ಉರಿಯೂತದಲ್ಲಿ ನರತುದಿಗಳು ಕೆರಳಿರುತ್ತವೆ, ಲಿಗ್ನೊಕೇನಿಗೆ ಸುಲಭವಾಗಿ ಮಣಿಯದ ಸೋಡಿಯಂ ಕಾಲುವೆಗಳೂ ಅಲ್ಲಿ ಹೆಚ್ಚಿರುತ್ತವೆ ಎಂಬ ವಿವರಣೆಯನ್ನು ನಾನು ಒಪ್ಪುತ್ತೇನೆ. ಅಂಥಲ್ಲಿ ಎರಡನೆಯ ಬಾರಿ ಕೊಡುವ ಮೊದಲು ತೂಕ ಕೇಳುತ್ತೇನೆ: 2 ಶೇಕಡಾ ದ್ರಾವಣದ ಪ್ರತಿ ಮಿಲಿಯಲ್ಲಿ 20 ಮಿಲಿಗ್ರಾಂ ಔಷಧವಿದೆ, ಅಡ್ರಿನಲಿನ್ ಸಹಿತ ಮಿತಿ ಕಿಲೋಗೆ 7 ಮಿಲಿಗ್ರಾಂ. ಹಲ್ಲಿನ ಕೆಲಸದಲ್ಲಿ ದೊಡ್ಡವರಿಗೆ ಆ ಮಿತಿ ದೂರವೇ; ಆದರೆ ಹೃದಯದ ಸ್ನಾಯುವಿನಲ್ಲೂ ಸೋಡಿಯಂ ಕಾಲುವೆಗಳಿರುವುದರಿಂದ, ಔಷಧ ರಕ್ತನಾಳಕ್ಕೆ ಸೇರದಿರಲೆಂದು, ಅದನ್ನು ಬಿಡುವ ಮುನ್ನ ಸಿರಿಂಜಿನ ದಂಡವನ್ನು ಹಿಂದಕ್ಕೆಳೆದು ರಕ್ತ ಬರುವುದಿಲ್ಲವೆಂದು ಪ್ರತಿಸಲವೂ ನೋಡಿಕೊಳ್ಳುತ್ತೇನೆ.