ಕಟಪಾಡಿಯ ಹಟ್ಟಿಯಿಂದ ಹೆರಾಲ್ಡ್ ಹೊರಬಂದದ್ದು

ಹಳೆ ಕಾರು ಹುಡುಕಲು ಮಳೆಗಾಲದಲ್ಲಿ ಹೊರಡಬೇಡಿ. ನಮ್ಮ ಕರಾವಳಿಯಲ್ಲಿ ಆಗ ಬಳ್ಳಿ, ಪೊದೆ ಎಲ್ಲವನ್ನೂ ಮುಚ್ಚಿರುತ್ತದೆ. ನನಗೆ ಈ ಸ್ಟ್ಯಾಂಡರ್ಡ್ ಹೆರಾಲ್ಡ್ ಕಂಡದ್ದು ಫೆಬ್ರವರಿಯಲ್ಲಿ, ಕಟಪಾಡಿ ಹತ್ತಿರದ ಒಂದು ಹಳೆ ಮನೆಯ ಹಟ್ಟಿಯಲ್ಲಿ. ಸುಳಿವು ಕೊಟ್ಟವರು ತೆಂಗಿನಕಾಯಿ ಕೀಳುವವರು. ಯಾರ ಹಿತ್ತಿಲಲ್ಲಿ ಏನು ಬಿದ್ದಿದೆ ಎಂಬುದು ಗುಜರಿಯವರಿಗಿಂತ ಮೊದಲು ಮರ ಹತ್ತುವವರಿಗೆ ಗೊತ್ತು.

ಮಡಲಿನ ರಾಶಿ ಸರಿಸಿದೆವು. ಎರಡು ಬಾಗಿಲಿನ ಗಾಡಿ, 'ಎಂವೈ' ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರು. ಟಯರು ಮಣ್ಣಾಗಿತ್ತು, ಸೀಟಿನ ಮೇಲೆ ಹಾವಿನ ಪೊರೆ. ಆದರೂ ನನಗೆ ಆಸೆ ಹುಟ್ಟಿತು. 1961ರಿಂದ ಮದ್ರಾಸಿನಲ್ಲಿ ತಯಾರಾದ ಈ ಕಾರಿಗೆ ಚಾಸಿಸ್, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಬೇರೆ, ಬಾಡಿ ಬೇರೆ. ಬಾಡಿಯ ಭಾಗಗಳನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಉಪ್ಪುಗಾಳಿ ತಗಡನ್ನು ತಿಂದಿದ್ದರೆ ಅದೇ ಅಳತೆಯ ಹೊಸ ತುಂಡು ಮಾಡಿಸಬಹುದು. ಚಾಸಿಸ್ಸೇ ಹೋಗಿದ್ದರೆ ಕೈಮುಗಿದು ವಾಪಸ್ ಬರಬೇಕು. ಸ್ಕ್ರೂಡ್ರೈವರ್‌ನಿಂದ ಚಾಸಿಸ್ಸಿನ ಉದ್ದಕ್ಕೂ ಚುಚ್ಚುತ್ತಾ ಹೋದೆ. ಎಡಬದಿಯ ಎರಡು ಅಡ್ಡ ತೋಳುಗಳು ಪುಡಿಯಾದವು, ನಡುವಿನ ಎರಡು ಪಟ್ಟಿಗಳು ಮಾತ್ರ ಟಣ್ ಎಂದವು. ಅಷ್ಟು ಸಾಕಿತ್ತು.

"ಎಷ್ಟು ಕೊಡ್ತೀರಿ?" ಎಂದು ಮನೆಯ ಮಗ ಕೇಳಿದರು. "ಮೊದಲು ಆರ್‌ಸಿ ನೋಡುವ ಅಣ್ಣಾ" ಎಂದೆ. ಕ್ರಯದ ಮಾತು ಮೊದಲು ಎತ್ತಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2021ರ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ಗಾಡಿ ವಿಂಟೇಜ್ ಆಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಬರುತ್ತದೆ. ಹಳೆ ನೋಂದಣಿ ಇರುವ ಗಾಡಿಗೆ ಅದರದ್ದೇ ನಂಬರು ಉಳಿಯುತ್ತದೆ. ಆ 'ಎಂವೈ' ನನಗೆ ಬೇಕೇಬೇಕಿತ್ತು.

ಒಳಗಿಂದ ಅವರ ಅಮ್ಮ ಬಂದರು. "ನಮ್ಮ ಯಜಮಾನರು ಇದನ್ನು ತೊಳೆಯದೆ ಒಂದು ದಿನ ಇಟ್ಟವರಲ್ಲ. ಗುಜರಿಗೆ ಕೊಡ್ಲಿಕ್ಕಿಲ್ಲ ಮಗಾ." ಕತ್ತರಿಸುವುದಿಲ್ಲ, ಓಡಿಸುತ್ತೇನೆ ಎಂದೆ. ನಂಬಲು ಅವರಿಗೆ ಸಮಯ ಬೇಕಾಯಿತು. ನಾಲ್ಕು ಸಲ ಹೋದೆ. ನಾಲ್ಕನೆಯ ಸಲ ಟ್ರಂಕಿನ ತಳದಿಂದ ಆರ್‌ಸಿ ಹೊರಬಂತು. ತಂತಿಬ್ರಶ್ಶಿನಿಂದ ತುಕ್ಕು ಉಜ್ಜಿ ಚಾಸಿಸ್ ನಂಬರು ತಾಳೆ ನೋಡಿದೆವು, ಒಂದೊಂದು ಅಂಕಿಯೂ ಕೂಡಿತು. ಯಜಮಾನರು ತೀರಿಕೊಂಡಿದ್ದರಿಂದ ಫಾರ್ಮ್ 31ರಲ್ಲಿ ಮೊದಲು ಅಮ್ಮನ ಹೆಸರಿಗೆ, ಆಮೇಲೆ 29 ಮತ್ತು 30ರಲ್ಲಿ ನನ್ನ ಹೆಸರಿಗೆ ಮಾಡಿಸಬೇಕಿತ್ತು. ಉಳಿದ ಮಕ್ಕಳ ಒಪ್ಪಿಗೆಯನ್ನೂ ಬರೆಸಿಕೊಂಡೆ. ಕ್ರಯ ಹತ್ತು ನಿಮಿಷದಲ್ಲಿ ಮುಗಿಯಿತು.

ಜಾಮ್ ಆದ ಎಂಜಿನ್ನನ್ನು ಅಲ್ಲಿ ತಿರುಗಿಸಲು ಹೋಗಲಿಲ್ಲ. ಪ್ಲಗ್ ಬಿಚ್ಚಿ, ನಾಲ್ಕೂ ಸಿಲಿಂಡರಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹೊಯ್ದು ಹಾಗೇ ಬಿಟ್ಟೆ. ಬ್ರೇಕ್ ಡ್ರಮ್ ಹಿಡಿದಿದ್ದರಿಂದ ಚಕ್ರದಡಿ ಅಡಿಕೆ ಮರದ ದುಂಡಿ ಇಟ್ಟು, ಆರು ಜನ ಉರುಳಿಸುತ್ತಾ ಲಾರಿಯವರೆಗೆ ತಂದೆವು.

ಲಾರಿ ಹೊರಡುವ ಮುಂಚೆ ಅಟ್ಟ, ಬಚ್ಚಲು, ಕಟ್ಟಿಗೆ ಕೊಟ್ಟಿಗೆ ಎಲ್ಲ ಹುಡುಕಿ. ಕಳಚಿಟ್ಟ ಸಾಮಾನು ಅಲ್ಲೇ ಎಲ್ಲೋ ಇರುತ್ತದೆ. ಅಟ್ಟದಲ್ಲಿ ನನಗೆ ಜಾಕ್ ಮತ್ತು ಮೂರು ವೀಲ್‌ಕಪ್ ಸಿಕ್ಕವು. ನಾಲ್ಕನೆಯದರಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದವು. ಮರುದಿನ ಉಡುಪಿಯಿಂದ ಒಂದು ಸ್ಟೀಲ್ ತಟ್ಟೆ ತಂದು ಅಮ್ಮನ ಕೈಗೆ ಕೊಟ್ಟು ಅದನ್ನೂ ತೆಗೆದುಕೊಂಡೆ.