ಅಪ್ಪನೊಂದಿಗೆ ಜೋಡಿ ನಗರಗಳಿಗೆ ರೈಲು ಪ್ರಯಾಣ

ಅಮೆರಿಕದ ಷಿಕಾಗೊ ಕಡೆಯಲ್ಲಿರುವ ನಮ್ಮವರು ಮಿನ್ನೆಸೋಟ ರಾಜ್ಯದ ಜೋಡಿ ನಗರಗಳಾದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ಗೆ ಸಾಮಾನ್ಯವಾಗಿ ಕಾರಿನಲ್ಲಿಯೇ ಹೋಗುತ್ತಾರೆ. ನಾನೂ ಎರಡು ಸಲ ಹಾಗೆಯೇ ಹೋಗಿದ್ದೆ. ಎಲ್ಲಿ ಒಂದು ಊರು ಮುಗಿದು ಇನ್ನೊಂದು ಶುರುವಾಯಿತೆಂಬುದು ತಿಳಿಯದೆಯೇ ಹಿಂತಿರುಗಿದ್ದೆ. ಕಳೆದ ಸೆಪ್ಟೆಂಬರಿನಲ್ಲಿ ಅಪ್ಪ ಬಂದಿದ್ದಾಗ ಮಾತ್ರ ರೈಲಿನಲ್ಲಿ ಹೋದೆವು. ಅರಸೀಕೆರೆಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದು ನಿವೃತ್ತರಾದ ಅವರು ಇಲ್ಲಿ ಏನು ತೋರಿಸಿದರೂ "ಚೆನ್ನಾಗಿದೆ" ಎಂದು ಸುಮ್ಮನಾಗುತ್ತಿದ್ದರು. ರೈಲಿನ ಮಾತೆತ್ತಿದಾಗ ಮಾತ್ರ "ಎಷ್ಟು ಗಂಟೆಗೆ ಬಿಡುತ್ತೆ?" ಎಂದು ಕೇಳಿದರು.

ಮೊದಲು ಬಹುಕಾಲ ಈ ದಾರಿಯಲ್ಲಿ ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆಯಾದ ಆಮ್‌ಟ್ರ್ಯಾಕ್‌ನ ಒಂದೇ ರೈಲಿತ್ತು. 1929ರಿಂದ ಓಡುತ್ತಿರುವ ಎಂಪೈರ್ ಬಿಲ್ಡರ್ ಷಿಕಾಗೊದಿಂದ ಮಧ್ಯಾಹ್ನ ಹೊರಟು ಪಶ್ಚಿಮ ಕರಾವಳಿಯವರೆಗೂ ಹೋಗುತ್ತದೆ; ಆದರೆ ಅದು ಸೇಂಟ್ ಪಾಲ್ ತಲುಪುವಾಗ ರಾತ್ರಿ ಬಹಳ ಹೊತ್ತಾಗಿರುತ್ತದೆ, ನೋಡಲೇಬೇಕಾದ ನದಿಯ ದಂಡೆ ಕತ್ತಲೆಯಲ್ಲಿ ಹಾದುಹೋಗುತ್ತದೆ. 2024ರ ಮೇ 21ರಂದು ಬೋರಿಯಾಲಿಸ್ ಎಂಬ ಹಗಲು ರೈಲು ಶುರುವಾದ ಮೇಲೆ ಆ ಕೊರತೆ ನೀಗಿತು. ಇದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೊರಟು 411 ಮೈಲಿಗಳನ್ನು ಏಳೂವರೆ ಗಂಟೆಗಳಲ್ಲಿ ಕ್ರಮಿಸುತ್ತದೆ. ಕಾರಿಗಿಂತ ಒಂದು ಗಂಟೆ ಹೆಚ್ಚೇ ಹಿಡಿಯುತ್ತದೆ, ನಿಜ. ಟಿಕೆಟ್ಟಿನ ದರ ದಿನ ಹತ್ತಿರವಾದಂತೆ ಏರುವುದರಿಂದ ಮೂರು ವಾರ ಮೊದಲೇ ಕಾಯ್ದಿರಿಸಿದೆ. 65 ದಾಟಿದವರಿಗೆ ಶೇಕಡಾ 10ರಷ್ಟು ರಿಯಾಯಿತಿಯಿದೆ. ಅಪ್ಪನಿಗೆ ಅದರಿಂದ ಉಳಿದ ಹಣಕ್ಕಿಂತ ಆ ರಿಯಾಯಿತಿ ಇರುವ ವಿಷಯವೇ ಹೆಚ್ಚು ಸಮಾಧಾನ ಕೊಟ್ಟಿತು.

ನಮ್ಮ ಮನೆ ನೇಪರ್‌ವಿಲ್‌ನಲ್ಲಿರುವುದರಿಂದ ಮೆಟ್ರಾ ಲೋಕಲ್ ಹಿಡಿದು ನೇರವಾಗಿ ಷಿಕಾಗೊ ಯೂನಿಯನ್ ಸ್ಟೇಷನ್ನಿನಲ್ಲಿಯೇ ಇಳಿದೆವು. ಲೋಕಲ್ ಬಂದು ನಿಲ್ಲುವುದು ದಕ್ಷಿಣದ ಬದಿಗೆ, ನಮ್ಮ ರೈಲು ಹೊರಡುವುದು ಉತ್ತರದ ಬದಿಯಿಂದ. ನಡುವಿನ ನಡಿಗೆಗೆ ವಯಸ್ಸಾದವರೊಂದಿಗೆ ಹತ್ತು ನಿಮಿಷವಾದರೂ ಬೇಕು. ಬೋಗಿಯಲ್ಲಿ ಸೀಟು ಸಂಖ್ಯೆಯಿರಲಿಲ್ಲ. ಟಿಕೆಟ್ ನೋಡಿದ ಕಂಡಕ್ಟರ್ ಇಳಿಯುವ ಊರಿನ ಸಂಕೇತ ಬರೆದ ಒಂದು ಚೀಟಿಯನ್ನು ನಮ್ಮ ತಲೆಯ ಮೇಲಿನ ಪಟ್ಟಿಗೆ ಸಿಕ್ಕಿಸಿಹೋದರು. ಅದರಲ್ಲಿ ‘ಎಂಎಸ್‌ಪಿ’ ಎಂದಿತ್ತು. ಆ ಊರಿನ ವಿಮಾನ ನಿಲ್ದಾಣದ ಸಂಕೇತವೂ ಅದೇ.

ನಾನು ಮಾಡಿದ ಮೊದಲ ತಪ್ಪು ಎಡಗಡೆಯ ಸೀಟಿನಲ್ಲಿ ಕೂತದ್ದು. ಮಿಲ್ವಾಕಿ, ಕೊಲಂಬಸ್, ಪೋರ್ಟೇಜ್, ವಿಸ್ಕಾನ್ಸಿನ್ ಡೆಲ್ಸ್, ಟೋಮಾ ದಾಟುವವರೆಗೂ ಎರಡೂ ಬದಿಗೆ ಜೋಳದ ಹೊಲ, ಹುಲ್ಲುಗಾವಲು, ಕಾಡು. ಆದ್ದರಿಂದ ಯಾವ ಬದಿಯಾದರೂ ಒಂದೇ. ಆದರೆ ಲಾ ಕ್ರಾಸ್ ಬಿಟ್ಟೊಡನೆ ರೈಲು ಮಿಸಿಸಿಪಿಯನ್ನು ದಾಟಿ, ನದಿಯ ಪಶ್ಚಿಮ ದಂಡೆಯನ್ನೇ ಹಿಡಿದು ಉತ್ತರಕ್ಕೆ ಏರುತ್ತದೆ. ಅಲ್ಲಿಂದ ಮುಂದೆ ನೋಡುವುದೆಲ್ಲ ಬಲಗಡೆಗೆ. ವಿನೋನಾದಲ್ಲಿ ಕೆಲವರು ಇಳಿದಾಗ ಕಂಡಕ್ಟರನ್ನು ಕೇಳಿ, ಚೀಟಿ ಸಮೇತ ಬಲಬದಿಗೆ ಬದಲಾದೆವು. ಪೆಪಿನ್ ಸರೋವರ ನಮಗೆ ಸಿಕ್ಕಿದ್ದು ಹಾಗೆ. ಅದು ಸರೋವರವೆಂದು ಹೆಸರಾಗಿದ್ದರೂ ನದಿಯೇ. ಎದುರು ದಡದಿಂದ ಬಂದು ಸೇರುವ ಚಿಪ್ಪೆವಾ ನದಿ ಹೊತ್ತುತಂದ ಮರಳು ಅಡ್ಡಗಟ್ಟಿನಂತೆ ನಿಂತುಬಿಟ್ಟದ್ದರಿಂದ, ಅದರ ಮೇಲ್ಗಡೆ ಮಿಸಿಸಿಪಿ ಸುಮಾರು ಎರಡು ಮೈಲಿ ಅಗಲಕ್ಕೆ ಹರಡಿಕೊಂಡಿದೆ. ಸಂಜೆಯ ಬಿಸಿಲಿನಲ್ಲಿ ಆಚೆ ದಡದ ಗುಡ್ಡಗಳು ಕಾಣುತ್ತಿದ್ದವು. ನಾವು ಮನೆಯಿಂದ ತಂದಿದ್ದ ಪುಳಿಯೋಗರೆಯ ಡಬ್ಬಿ ತೆರೆದದ್ದು ಆಗಲೇ. ಕೆಫೆ ಬೋಗಿಯಲ್ಲಿ ಕಾಫಿ ಸಿಗುತ್ತದೆ, ಆದರೆ ಸಸ್ಯಾಹಾರಿಗಳು ಊಟಕ್ಕೆ ಅದನ್ನು ನಂಬಬಾರದು.

ಇಷ್ಟಾದರೂ ಅಪ್ಪನ ಗಮನ ನದಿಯ ಮೇಲಿರಲಿಲ್ಲ. ಪಕ್ಕದ ಹಳಿಯಲ್ಲಿ ಗೂಡ್ಸ್ ರೈಲೊಂದು ಎದುರಾಗಿ ಬರುತ್ತಿತ್ತು, ಕಂಟೇನರಿನ ಮೇಲೆ ಕಂಟೇನರ್ ಪೇರಿಸಿಕೊಂಡು. ಅವರು ಬೆರಳು ಮಡಿಚಿ ಎಣಿಸುತ್ತ ನೂರು ದಾಟಿದ ಮೇಲೆ ಕೈಬಿಟ್ಟರು. ಕೊನೆಯ ವ್ಯಾಗನ್ ಹಾದುಹೋದಾಗ ಕಿಟಕಿಗೆ ಮುಖ ಒತ್ತಿ, "ಬ್ರೇಕ್ ವ್ಯಾನ್ ಎಲ್ಲಿ? ಗಾರ್ಡ್ ಎಲ್ಲಿ?" ಎಂದು ಕೇಳಿದರು. ಅಮೆರಿಕದ ಗೂಡ್ಸ್ ರೈಲುಗಳ ಬಾಲದಲ್ಲಿ ಮನುಷ್ಯರಿರುವುದು 1980ರ ದಶಕದಿಂದಲೇ ಕಡಿಮೆಯಾಗುತ್ತ ಬಂದು, ಈಗ ಕೊನೆಯ ಕಪ್ಲಿಂಗಿಗೆ ಸಿಕ್ಕಿಸಿದ, ಮಿನುಗುವ ಕೆಂಪು ದೀಪವಿರುವ ಒಂದು ಪೆಟ್ಟಿಗೆಯೇ ಬ್ರೇಕಿನ ಗಾಳಿಯ ಒತ್ತಡವನ್ನು ಇಂಜಿನ್ನಿಗೆ ತಿಳಿಸುತ್ತದೆ ಎಂದು ವಿವರಿಸಿದೆ. ನಮ್ಮಲ್ಲಿಯೂ 2022ರಲ್ಲಿ ಗಾರ್ಡ್ ಎಂಬ ಹುದ್ದೆಯ ಹೆಸರು ಟ್ರೇನ್ ಮ್ಯಾನೇಜರ್ ಎಂದು ಬದಲಾಗಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಪೆಟ್ಟಿಗೆಗೆ ಹಸಿರು ಬಾವುಟ ಹಿಡಿಯೋಕೆ ಬರುತ್ತಾ?" ಎಂದರು.

ಹೇಸ್ಟಿಂಗ್ಸ್ ಬಳಿ ರೈಲು ಮತ್ತೆ ನದಿ ದಾಟಿ ಸೇಂಟ್ ಪಾಲ್‌ನ ಯೂನಿಯನ್ ಡಿಪೊ ಸೇರಿತು. ಪ್ಲಾಟ್‌ಫಾರಂ ತಗ್ಗಿನಲ್ಲಿರುವುದರಿಂದ ಕಂಡಕ್ಟರ್ ಒಂದು ಹಳದಿ ಮೆಟ್ಟಿಲುಮಣೆಯನ್ನು ಇಟ್ಟು ಅಪ್ಪನ ಕೈಹಿಡಿದು ಇಳಿಸಿದರು. ಮಂಡಿನೋವಿರುವವರು ಇದಕ್ಕೆ ಸಂಕೋಚಪಡಬೇಕಾಗಿಲ್ಲ. ಈ ನಿಲ್ದಾಣಕ್ಕೆ 1971ರಲ್ಲಿ ರೈಲು ಬರುವುದು ನಿಂತುಹೋಗಿ, ದುರಸ್ತಿಯಾದ ಮೇಲೆ 2014ರಲ್ಲಿ ಮತ್ತೆ ಶುರುವಾಯಿತು. ಅದೇ ವರ್ಷ ಇದರ ಮುಂಬಾಗಿಲಿನಿಂದಲೇ ಹೊರಡುವ ಗ್ರೀನ್ ಲೈನ್ ಲಘು ರೈಲೂ ಆರಂಭವಾಯಿತು. ಅದು 11 ಮೈಲಿ ದೂರದ ಮಿನಿಯಾಪೊಲಿಸ್ ಪೇಟೆಯವರೆಗೆ ಮುಕ್ಕಾಲು ಗಂಟೆಯಲ್ಲಿ ಕರೆದೊಯ್ಯುತ್ತದೆ. ಕಾರಿಲ್ಲದೆ ಎರಡೂ ಊರುಗಳನ್ನು ನೋಡಲು ಸಾಧ್ಯವಾಗುವುದು ಈ ಗ್ರೀನ್ ಲೈನಿನಿಂದಲೇ. ಹಾಗಾಗಿ ಮೂರು ರಾತ್ರಿಯೂ ಡಿಪೊದ ಹತ್ತಿರದ ಹೋಟೆಲಿನಲ್ಲಿಯೇ ತಂಗಿದೆವು. ಲಘು ರೈಲಿನ ನಿಲ್ದಾಣಗಳಲ್ಲಿ ಗೇಟುಗಳಿಲ್ಲ. ಯಂತ್ರದಲ್ಲಿ ಟಿಕೆಟ್ ಕೊಂಡರೆ ಎರಡೂವರೆ ಗಂಟೆ ನಡೆಯುತ್ತದೆ, ತಪಾಸಣೆಯವರು ಬಂದರೆ ತೋರಿಸಬೇಕು.

ಮರುದಿನ ಮಿನಿಯಾಪೊಲಿಸ್‌ಗೆ ಹೋದೆವು. ಎರಡು ಊರುಗಳು ಯಾಕೆ ಬೇರೆಬೇರೆ ಹುಟ್ಟಿದವೆಂಬುದು ನನಗೆ ಅರ್ಥವಾದದ್ದು ಅಂದೇ. ಉಗಿದೋಣಿಗಳು ನದಿಯಲ್ಲಿ ಸಲೀಸಾಗಿ ಮೇಲೇರಿ ಬಂದು ಸರಕು ಇಳಿಸಬಹುದಾಗಿದ್ದ ಕೊನೆಯ ದಂಡೆ ಸೇಂಟ್ ಪಾಲ್. ಅಲ್ಲಿಂದ ಮೇಲಕ್ಕೆ, ಮಿಸಿಸಿಪಿಯ ಮೇಲ್ಭಾಗದಲ್ಲಿರುವ ಒಂದೇ ಒಂದು ದೊಡ್ಡ ಜಲಪಾತವಾದ ಸೇಂಟ್ ಆಂಥನಿಯ ಬಳಿ ನೀರಿನ ಬಲದಿಂದ ಗಿರಣಿಗಳು ಎದ್ದವು, ಗಿರಣಿಗಳ ಸುತ್ತ ಮಿನಿಯಾಪೊಲಿಸ್ ಬೆಳೆಯಿತು. ಒಂದು ಬಂದರು, ಇನ್ನೊಂದು ಕಾರ್ಖಾನೆ. ವಾಷ್‌ಬರ್ನ್ ಎ ಎಂಬ ಹಿಟ್ಟಿನ ಗಿರಣಿಯ ಪಾಳುಗೋಡೆಗಳೊಳಗೆ 2003ರಲ್ಲಿ ತೆರೆದ ಮಿಲ್ ಸಿಟಿ ಮ್ಯೂಸಿಯಂ ಇದನ್ನು ಚೆನ್ನಾಗಿ ತೋರಿಸುತ್ತದೆ. 1878ರ ಮೇ 2ರಂದು ಗಾಳಿಯಲ್ಲಿ ತುಂಬಿದ್ದ ಹಿಟ್ಟಿನ ಧೂಳಿಗೆ ಕಿಡಿ ತಗುಲಿ ಮೊದಲ ಗಿರಣಿ ಸಿಡಿದು 18 ಜನ ಸತ್ತಿದ್ದರು. ಸರಕಿನ ಲಿಫ್ಟಿನೊಳಗೆ ಬೆಂಚುಗಳ ಮೇಲೆ ಕೂರಿಸಿ, ಅಂತಸ್ತಿನಿಂದ ಅಂತಸ್ತಿಗೆ ಏರಿಸಿ ಇಳಿಸುತ್ತ ಕಥೆ ಹೇಳುತ್ತಾರೆ. ಅಲ್ಲಿಗೆ ಹೋದವರು ಅದನ್ನು ಬಿಡಬಾರದು. ಮೇಲಿನ ಅಟ್ಟದಿಂದ ಕಾಣುವ, ನದಿಗೆ ಅಡ್ಡಲಾಗಿ ಬಾಗಿಕೊಂಡಿರುವ ಕಲ್ಲು ಕಮಾನಿನ ಸೇತುವೆ 1883ರಲ್ಲಿ ರೈಲು ಉದ್ಯಮಿ ಜೇಮ್ಸ್ ಜೆ. ಹಿಲ್ ತನ್ನ ರೈಲುಗಳಿಗಾಗಿ ಕಟ್ಟಿಸಿದ್ದು; 1994ರಿಂದ ಅದು ಕಾಲ್ನಡಿಗೆಯವರ ಮತ್ತು ಸೈಕಲ್ಲಿನವರ ಪಾಲಾಗಿದೆ.

ಹಿಂತಿರುಗುವಾಗ ಎರಡನೆಯ ತಪ್ಪು ಮಾಡಿದೆ. ಮಿನಿಯಾಪೊಲಿಸ್ ಪೇಟೆಯಲ್ಲಿ ಗ್ರೀನ್ ಲೈನ್ ಮತ್ತು ಬ್ಲೂ ಲೈನ್ ಎರಡೂ ಒಂದೇ ಹಳಿಯಲ್ಲಿ, ಒಂದೇ ಪ್ಲಾಟ್‌ಫಾರಮಿಗೆ ಬರುತ್ತವೆ. ಬೋರ್ಡು ನೋಡದೆ ಬಂದದ್ದಕ್ಕೆ ಹತ್ತಿಬಿಟ್ಟೆ. ಕ್ರೀಡಾಂಗಣದ ನಿಲ್ದಾಣ ದಾಟುತ್ತಲೇ ಅಪ್ಪ, "ಬೆಳಿಗ್ಗೆ ಬರುವಾಗ ಇಲ್ಲಿ ಪಾಯಿಂಟ್ಸ್ ಸದ್ದು ಬೇರೆ ಥರ ಇತ್ತಲ್ಲ" ಎಂದರು. ಪಾಯಿಂಟ್ಸ್ ಎಂದರೆ ಹಳಿ ಕವಲೊಡೆಯುವ ಜಾಗ. ಮೊಬೈಲ್ ತೆಗೆದು ನೋಡಿದರೆ ನಾವು ದಕ್ಷಿಣಕ್ಕೆ, ವಿಮಾನ ನಿಲ್ದಾಣದ ದಾರಿ ಹಿಡಿದಿದ್ದೆವು. ಹೇಗೂ ಹೊತ್ತಿದ್ದುದರಿಂದ ಇಳಿಯದೆ ಮಿನ್ನಿಹಾಹಾ ಪಾರ್ಕಿನವರೆಗೆ ಹೋಗಿ, ಅಲ್ಲಿನ 53 ಅಡಿಯ ಜಲಪಾತವನ್ನು ನೋಡಿಕೊಂಡು ಬಂದೆವು. ನನ್ನ ಯೋಜನೆಯಲ್ಲಿ ಇಲ್ಲದಿದ್ದ ಜಾಗ ಅದೊಂದೇ, ಅಪ್ಪ ಎರಡು ಸಲ ಮೆಚ್ಚಿಕೊಂಡದ್ದೂ ಅದನ್ನೇ.

ಮೂರನೆಯ ದಿನ ಸೇಂಟ್ ಪಾಲ್‌ನಲ್ಲಿ 1905ರ ಶಾಸನಸಭಾ ಭವನವನ್ನು ನೋಡಿ, ಗುಡ್ಡದ ಮೇಲಿನ ಸಮ್ಮಿಟ್ ಅವೆನ್ಯೂದಲ್ಲಿರುವ ಹಿಲ್‌ನ ಮನೆಗೆ ಹೋದೆವು. ಏರುದಾರಿ ಕಡಿದಾಗಿದೆ, ಇದೊಂದಕ್ಕೆ ಟ್ಯಾಕ್ಸಿ ಮಾಡಿದೆ. 1891ರಲ್ಲಿ ಮುಗಿದ, ಕೆಂಪು ಕಲ್ಲಿನ ಆ ಬಂಗಲೆ 36,000 ಚದರಡಿಯದು. ಸೇಂಟ್ ಪಾಲ್‌ನಿಂದ ಶಾಂತಸಾಗರದ ಕರೆಯವರೆಗೆ ಗ್ರೇಟ್ ನಾರ್ದರ್ನ್ ರೈಲುಮಾರ್ಗ ಹಾಕಿಸಿದ ಈತನ ಅಡ್ಡಹೆಸರೇ ಎಂಪೈರ್ ಬಿಲ್ಡರ್, ರಾತ್ರಿಯ ಆ ರೈಲಿಗೆ ಹೆಸರು ಬಂದದ್ದು ಈತನಿಂದ ಎಂದಾಗ ಅಪ್ಪ ಚಾವಣಿಯ ಕಡೆ ನೋಡುತ್ತ, "ಗ್ಯಾಂಗ್‌ಮನ್‌ಗಳಿಗೆ ಎಂಥ ಕ್ವಾರ್ಟರ್ಸ್ ಕೊಟ್ಟಿದ್ದನೋ" ಎಂದರು. ನನಗೆ ಉತ್ತರ ತಿಳಿದಿರಲಿಲ್ಲ. ಆ ಸಂಜೆ ಮೇಪಲ್ ಗ್ರೋವ್‌ನ ಹಿಂದೂ ದೇವಸ್ಥಾನಕ್ಕೆ ಸ್ನೇಹಿತರೊಬ್ಬರು ತಮ್ಮ ಕಾರಿನಲ್ಲಿ ಕರೆದೊಯ್ದರು. ಲಘು ರೈಲು ಆ ಕಡೆಗೆ ಹೋಗುವುದಿಲ್ಲ.

ಮರಳುವ ರೈಲು ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮೊದಲು ಹೊರಡುತ್ತದೆ. ಈ ಸಲ ಮೊದಲೇ ಹೋಗಿ ಎಡಗಡೆ ಕೂತೆವು. ಅಪ್ಪ ಹೋಗುವಾಗಲೂ ಬರುವಾಗಲೂ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡು, ತಮ್ಮ ಹಳೆಯ ಗಾರ್ಡ್ ಜರ್ನಲಿನಂತೆಯೇ, ಸ್ಟೇಷನ್, ಬಂದ ಹೊತ್ತು, ಬಿಟ್ಟ ಹೊತ್ತು ಎಂದು ಬರೆದುಕೊಂಡಿದ್ದರು. ಮನೆಗೆ ಬಂದ ಮೇಲೆ ತೆಗೆದು ನೋಡಿದೆ. ಹದಿಮೂರು ಸ್ಟೇಷನ್ನುಗಳೂ ಇದ್ದವು. ಷರಾ ಎಂಬ ಕೊನೆಯ ಕಾಲಂನಲ್ಲಿ ಹೇಸ್ಟಿಂಗ್ಸ್ ಸೇತುವೆಗೆ ಮಾತ್ರ ಒಂದು ಸಾಲಿತ್ತು: "ಹೋಗುವಾಗ ಬಲಕ್ಕೆ ಕೂರತಕ್ಕದ್ದು."