ಗೈಡ್ ಮುಚ್ಚಿಟ್ಟು ಇಂಗ್ಲಿಷ್ ಬರೆಯುವುದು ಹೇಗೆ?

ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ ಮೇಲೂ ಬಹಳ ಜನರಿಗೆ ಇಂಗ್ಲಿಷ್ ಕ್ಲಾಸಿನ ಲೆಕ್ಕ ಬದಲಾಗುವುದಿಲ್ಲ. ಅವೆನ್ಯೂ ರಸ್ತೆಗೆ ಹೋಗಿ ಗೈಡ್ ತರುವುದು, ಉತ್ತರ ಉರು ಹೊಡೆಯುವುದು, ಪರೀಕ್ಷೆಯಲ್ಲಿ ಇಳಿಸಿ ಬರುವುದು. ಪಾಸಾಗಲು ಅಷ್ಟು ಸಾಕು. ಬರೆಯಲು ಕಲಿಯಬೇಕೆಂಬ ಆಸೆಯಿದ್ದವರಿಗೆ ಮಾತ್ರ ಈ ಲೇಖನ. ಕನ್ನಡ ಮಾಧ್ಯಮದಿಂದ ಬಂದವರು ಹಿಂದಿನ ಬೆಂಚಿಗೆ ಸರಿಯಬೇಕಿಲ್ಲ. ಅಡಿಗರು, ಲಂಕೇಶ್, ಅನಂತಮೂರ್ತಿ ಮೂವರೂ ಇಂಗ್ಲಿಷ್ ಪಾಠ ಹೇಳಿದ ಮೇಷ್ಟ್ರುಗಳೇ.

ಮೊದಲು, ಕಂಡದ್ದನ್ನು ಬರೆಯಿರಿ

ಬೆಂಗಳೂರಿನ ಟ್ರಾಫಿಕ್ ಬಗ್ಗೆ ಒಂದು ಪುಟ ಬರೆದು ತನ್ನಿ ಎಂದರೆ ಅರ್ಧಕ್ಕರ್ಧ ಕ್ಲಾಸು ‘ಟ್ರಾಫಿಕ್ ಈಸ್ ಎ ಬರ್ನಿಂಗ್ ಪ್ರಾಬ್ಲಮ್’ ಎಂದೇ ಶುರು ಮಾಡುತ್ತದೆ. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ, ಒಳಗೆ ಹೂರಣವೂ ಇಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 500ಡಿ ಬಸ್ಸಿನಲ್ಲಿ ಓಡಾಡುವ ಹುಡುಗಿ ಇದನ್ನೇ ಬೇರೆ ಥರ ಬರೆಯಬಹುದು: ಬಸ್ಸು ನಿಂತಿದೆ. ಕಂಡಕ್ಟರ್ ಟಿಕೆಟ್ ಹರಿದು ಮುಗಿಸಿ, ಚಿಲ್ಲರೆ ಎಣಿಸಿ, ಕಿಟಕಿ ಪಕ್ಕ ಕೂತಾಗಿದೆ. ಮುಂದಿನ ಸೀಟಿನ ಹೆಂಗಸು ಫೋನಿನಲ್ಲಿ ‘ಇನ್ನೈದೇ ನಿಮಿಷ’ ಅಂತ ಮೂರನೇ ಸಲ ಹೇಳುತ್ತಿದ್ದಾರೆ.

ಇಷ್ಟನ್ನು ಬರೆಯಲು ಹೈಸ್ಕೂಲಿನ ಇಂಗ್ಲಿಷ್ ಸಾಕು. ಹತ್ತು ನಿಮಿಷ ಅಲಾರಂ ಇಟ್ಟುಕೊಂಡು ಪೆನ್ನು ಎತ್ತದೆ ಬರೆಯಿರಿ. ಪದ ಹೊಳೆಯದಿದ್ದರೆ ಅಲ್ಲಿ ಕನ್ನಡದ್ದನ್ನೇ ಹಾಕಿ ಮುಂದೆ ಹೋಗಿ, ಡಿಕ್ಷನರಿಯನ್ನು ಆಮೇಲೆ ತೆರೆದರಾಯಿತು. ಸ್ಪೆಲ್ಲಿಂಗ್ ತಿದ್ದಲು ನಿಂತರೆ ಹೇಳಬೇಕೆಂದಿದ್ದ ಮಾತು ಕೈತಪ್ಪುತ್ತದೆ.

ಮರುದಿನ, ಗಟ್ಟಿಯಾಗಿ ಓದಿ

ಬರವಣಿಗೆ ಬೆಳೆಯುವುದು ಎರಡನೇ ಸಲ ಬರೆಯುವಾಗ. ನಮ್ಮವರು ಬಿಟ್ಟುಬಿಡುವುದೂ ಈ ಹಂತವನ್ನೇ, ಅಸೈನ್‌ಮೆಂಟ್ ಬರೆಯುವುದು ಕೊನೆಯ ರಾತ್ರಿಯಲ್ಲವೇ! ಒಂದು ದಿನವಾದರೂ ಬಿಡುವು ಕೊಟ್ಟು, ರೂಮಿನ ಬಾಗಿಲು ಹಾಕಿಕೊಂಡು, ಬರೆದದ್ದನ್ನು ಬಾಯಿಬಿಟ್ಟು ಓದಿ. ಉಸಿರು ಸಾಲದೆ ಬಂದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ.

ಆ ಗೆರೆಗಳು ಹೆಚ್ಚಾಗಿ ಎಲ್ಲಿ ಬೀಳುತ್ತವೆ ಗೊತ್ತೇ? ಕನ್ನಡದಲ್ಲಿ ನಾವು ‘ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಬಸ್ ಹಿಡಿದು, ಮೆಜೆಸ್ಟಿಕ್‌ನಲ್ಲಿ ಇಳಿದು, ಮೆಟ್ರೊ ಹತ್ತಿ ಕಾಲೇಜಿಗೆ ಬಂದೆ’ ಎಂದು ಒಂದೇ ಉಸಿರಿಗೆ ಹೇಳುತ್ತೇವೆ. ಕೊನೆಯ ‘ಬಂದೆ’ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಅದೇ ಲಯದಲ್ಲಿ ಇಂಗ್ಲಿಷ್ ಬರೆದಾಗ ಪ್ರತಿ ಹೆಜ್ಜೆಗೂ ಒಂದು ‘ಆಂಡ್’ ಬಂದು ಕೂರುತ್ತದೆ. ಅಂಥ ವಾಕ್ಯವನ್ನು ಎರಡೋ ಮೂರೋ ಮಾಡಿ. ಕಾಫಿ ಕುಡಿದ ವಿಷಯ ನಿಜಕ್ಕೂ ಬೇಕೇ ಎಂದೂ ಕೇಳಿಕೊಳ್ಳಿ.

ಇನ್ನೊಂದು ಪರೀಕ್ಷೆಯಿದೆ. ಮೊದಲ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಎರಡನೆಯದರಿಂದ ಓದಿ ನೋಡಿ. ಏನೂ ಕಳೆದುಕೊಂಡಂತೆ ಅನ್ನಿಸದಿದ್ದರೆ ಮೊದಲನೆಯದನ್ನು ಹೊಡೆದುಹಾಕಿ. ಹೊಸಬರ ಬರಹದಲ್ಲಿ ಅದು ಬರೀ ಗಂಟಲು ಸರಿಮಾಡಿಕೊಳ್ಳುವ ಕೆಲಸವಾಗಿರುತ್ತದೆ.

ಕೆಂಪು ಶಾಯಿಗೊಂದು ನೋಟ್‌ಬುಕ್

ತಿದ್ದಿದ ಹಾಳೆ ಕೈಗೆ ಬಂದಾಗ ಮಾರ್ಕು ನೋಡಿ ಬ್ಯಾಗಿಗೆ ತುರುಕಬೇಡಿ. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಎಡಕ್ಕೆ ನಿಮ್ಮ ವಾಕ್ಯ, ಬಲಕ್ಕೆ ತಿದ್ದಿದ ವಾಕ್ಯ ಬರೆದುಕೊಳ್ಳಿ. ಕೆಲವು ವಾರ ಕಳೆದರೆ ಸುತ್ತಿ ಬಳಸಿ ಅವವೇ ನಾಲ್ಕೈದು ತಪ್ಪುಗಳು ಕಾಣುತ್ತವೆ. ‘ಎ’, ‘ಆನ್’, ‘ದಿ’ಗಳಿಗೆ ಸಮನಾದದ್ದು ಕನ್ನಡದಲ್ಲಿ ಇಲ್ಲವಾದ್ದರಿಂದ ಅವು ಬಿಟ್ಟುಹೋಗುತ್ತವೆ. ‘ಐ ಹ್ಯಾವ್ ಟು ಬ್ರದರ್ಸ್’ ಅನ್ನಬೇಕಾದಲ್ಲಿ ‘ಐ ಆಮ್ ಹ್ಯಾವಿಂಗ್’ ನುಸುಳುತ್ತದೆ. ನಿನ್ನೆಯ ಕಥೆ ಹೇಳುತ್ತಾ ಹೇಳುತ್ತಾ ಕ್ರಿಯಾಪದ ಇವತ್ತಿಗೆ ಜಾರುತ್ತದೆ. ಇಡೀ ವ್ಯಾಕರಣ ಪುಸ್ತಕಕ್ಕೆ ಹೆದರುವ ಬದಲು ಮುಂದಿನ ಸಲ ನಿಮ್ಮ ಆ ನಾಲ್ಕೈದನ್ನಷ್ಟೇ ಹುಡುಕಿ ತಿದ್ದಿ ಕೊಡಿ.

ಸ್ಟಾಫ್ ರೂಮಿಗೂ ಹೋಗಿ. ‘ಮೇಡಂ, ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರ ಸಿಗುತ್ತದೆ, ಅದರಿಂದ ಏನೂ ಗಿಟ್ಟುವುದಿಲ್ಲ. ‘ಮೇಡಂ, ಓದುವಾಗ ಎಲ್ಲಿ ತಡೆಯಿತು?’ ಎಂದು ಕೇಳಿ.

ಫೋನಿನ ಎಐ ಇದನ್ನೆಲ್ಲ ಕ್ಷಣದಲ್ಲಿ ಬರೆದುಕೊಡುತ್ತದಲ್ಲ ಎನ್ನುವಿರಿ. ನನ್ನ ಮಟ್ಟಿಗೆ ಅದು ಹೊಸ ಗೈಡು. ಎರಡು ಸಲ ನೀವೇ ತಿದ್ದಿದ ಮೇಲೆ ಸ್ಪೆಲ್ಲಿಂಗ್ ನೋಡಲು ಬೇಕಾದರೆ ಬಳಸಿಕೊಳ್ಳಿ.

ಓದು, ಆದರೆ ಕಳ್ಳನ ಹಾಗೆ

ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ‘ಸ್ಪೆಕ್ಟೇಟರ್’ ಪತ್ರಿಕೆಯ ಲೇಖನಗಳನ್ನು ಹಿಡಿದು ಒಬ್ಬನೇ ಬರೆಯುವುದನ್ನು ರೂಢಿಸಿಕೊಂಡ. ಪ್ರತಿ ವಾಕ್ಯದ ಸಾರವನ್ನು ಚುಟುಕಾಗಿ ಗುರುತು ಹಾಕಿಕೊಳ್ಳುತ್ತಿದ್ದ. ಕೆಲವು ದಿನ ಬಿಟ್ಟು, ಮೂಲ ನೋಡದೆ ತನ್ನದೇ ಮಾತಿನಲ್ಲಿ ಲೇಖನವನ್ನು ಮತ್ತೆ ಕಟ್ಟುತ್ತಿದ್ದ. ಆಮೇಲೆ ಮೂಲದೊಂದಿಗೆ ಹೋಲಿಸಿ ತನ್ನ ತಪ್ಪು ತಿದ್ದಿಕೊಳ್ಳುತ್ತಿದ್ದ. ಕೆಲವೊಮ್ಮೆ ಗುರುತಿನ ಚೀಟಿಗಳನ್ನು ಬೇಕೆಂದೇ ಕಲಸಿ, ವಾರಗಳ ನಂತರ ಸರಿಯಾದ ಕ್ರಮಕ್ಕೆ ತರುತ್ತಿದ್ದ. ವಿಚಾರಗಳನ್ನು ಒಂದರ ಹಿಂದೊಂದು ಜೋಡಿಸುವುದನ್ನು ಕಲಿತದ್ದು ಹಾಗೆ ಎಂದು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಇದಕ್ಕೆ ದುಡ್ಡು ಬೇಡ, ಟ್ಯೂಷನ್ ಬೇಡ. ಇಂಗ್ಲಿಷ್ ಪೇಪರಿನ ಸಂಪಾದಕೀಯ ಪುಟದ ಒಂದು ಪ್ಯಾರಾ ವಾರಕ್ಕೊಮ್ಮೆ ಸಾಕು. ಮನೆಯಲ್ಲಿ ಜಾಗವಿಲ್ಲದವರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯವಿದೆ. ಸ್ವಂತ ಪುಸ್ತಕ ಬೇಕಿದ್ದರೆ ಚರ್ಚ್ ಸ್ಟ್ರೀಟಿನ ಸೆಕೆಂಡ್ ಹ್ಯಾಂಡ್ ರಾಶಿಯಲ್ಲಿ ಒಂದು ಮಧ್ಯಾಹ್ನ ಕೈಯಾಡಿಸಿ.

ಕೊನೆಗೆ, ಹೊರಗಿನವರಿಗೆ ಬರೆಯಿರಿ

ಮಾರ್ಕು ಕೊಡುವವರೊಬ್ಬರೇ ಓದುಗರಾದರೆ ಬರಹಕ್ಕೆ ಮುದುಡಿಕೊಳ್ಳುವ ಚಟ ಅಂಟುತ್ತದೆ. ಸೆಮಿಸ್ಟರ್ ಮುಗಿಯುವ ಮೊದಲು ಯಾವುದಾದರೂ ಇಂಗ್ಲಿಷ್ ಪತ್ರಿಕೆಯ ಓದುಗರ ಪತ್ರ ವಿಭಾಗಕ್ಕೆ ಒಂದು ಪತ್ರ ಕಳಿಸಿ. ನಿಮ್ಮ ಬೀದಿಯ ಅಗೆದುಬಿಟ್ಟ ಫುಟ್‌ಪಾತೇ ವಿಷಯವಾಗಲಿ. ಎಷ್ಟು ದಿನದಿಂದ ಹಾಗಿದೆ, ಯಾರಿಗೆ ಕಷ್ಟ, ಏನಾಗಬೇಕು, ಈ ಮೂರನ್ನೇ ಬರೆಯಿರಿ. ನೂರೈವತ್ತು ಪದ ದಾಟಿಸಬೇಡಿ, ಇಲ್ಲವಾದರೆ ಕತ್ತರಿ ಪ್ರಯೋಗ ಅವರೇ ಮಾಡುತ್ತಾರೆ. ಅಚ್ಚಾದರೆ ನಿಮ್ಮ ಪ್ರತಿಯ ಪಕ್ಕ ಇಟ್ಟುಕೊಂಡು ಅವರು ಏನನ್ನು ತೆಗೆದರೆಂದು ಸಾಲುಸಾಲಾಗಿ ನೋಡಿ. ಕೆಳಗೆ ಹೆಸರು, ವಿಳಾಸ, ಫೋನ್ ನಂಬರ್ ಬರೆದಿರಬೇಕು. ಅವಿಲ್ಲದ ಪತ್ರಗಳನ್ನು ಪತ್ರಿಕೆಗಳು ಸಾಮಾನ್ಯವಾಗಿ ಪಕ್ಕಕ್ಕಿಡುತ್ತವೆ.